ಒಂದೇ ಥರ ಕಾಣುವ ಚಿಟ್ಟೆಗಳನ್ನು ಬೇರ್ಪಡಿಸುವುದು ಹೇಗೆ? ದಾವಣಗೆರೆ, ಚಿತ್ರದುರ್ಗ ಸೀಮೆಯ ಆಸಕ್ತರಿಗೆ ಮಾರ್ಗದರ್ಶಿ

‘ಈ ಫೋಟೊದಲ್ಲಿರುವುದು ಯಾವ ಚಿಟ್ಟೆ?’ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಬಹುಪಾಲು ಕೆಲವೇ ಜೋಡಿಗಳ ಸುತ್ತ ಇರುತ್ತವೆ: ಹಳದಿ ಪುಟಾಣಿಗಳು, ಕೇಸರಿ ಹುಲಿಪಟ್ಟೆಯವು, ಹುಲ್ಲಿನ ಮೇಲೆ ಹಾರುವ ನೀಲಿ ಚಿಟ್ಟೆಗಳು, ಕಪ್ಪು ಮೈಗೆ ಕೆಂಪು ಬೊಟ್ಟಿನವು. ಒಟ್ಟಾರೆ ಬಣ್ಣ ನೋಡಿ ಹೆಸರು ಹೇಳಲು ಹೊರಟರೆ ಇವೆಲ್ಲವೂ ಕೈಕೊಡುತ್ತವೆ. ಪ್ರತಿ ಜೋಡಿಗೂ ಒಂದೋ ಎರಡೋ ನಿರ್ಣಾಯಕ ಗುರುತುಗಳಿವೆ. ಆ ಗುರುತು ಫೋಟೊದಲ್ಲಿ ಇದ್ದರೆ ಹೆಸರು ಸಿಗುತ್ತದೆ, ಇಲ್ಲದಿದ್ದರೆ ಎಷ್ಟೇ ಚಂದದ ಫೋಟೊ ಆದರೂ ಸಿಗುವುದಿಲ್ಲ. ಆ ಗುರುತುಗಳು ಯಾವುವು, ಅವನ್ನು ಫೋಟೊದಲ್ಲಿ ಹಿಡಿಯುವುದು ಹೇಗೆ, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಇಲ್ಲಿದೆ.

ಏನೇನು ಬೇಕು

ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ತೆಗೆಯಬಲ್ಲ ಮೊಬೈಲ್ ಅಥವಾ ಕ್ಯಾಮೆರಾ, ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್, ಜೇಬಿನಲ್ಲೊಂದು ನಾಣ್ಯ. ದುರ್ಬೀನು ಇದ್ದರೆ ಒಳ್ಳೆಯದು, ಆದರೆ ಎರಡು ಮೀಟರ್ ಹತ್ತಿರದ ವಸ್ತುವಿಗೂ ಫೋಕಸ್ ಆಗುವಂಥದ್ದೇ ಬೇಕು. ಹಕ್ಕಿ ನೋಡುವ ಎಷ್ಟೋ ದುರ್ಬೀನುಗಳು ಅಷ್ಟು ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ.

ಬಲೆ ಬೇಡ. ಕೈಯಲ್ಲಿ ಹಿಡಿದರೆ ರೆಕ್ಕೆಯ ಪುಡಿ, ಅಂದರೆ ಬಣ್ಣವನ್ನೇ ಕೊಡುವ ಸೂಕ್ಷ್ಮ ಹುರುಪೆಗಳು, ಉದುರಿಹೋಗುತ್ತವೆ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಲವು ಚಿಟ್ಟೆಗಳಿಗೂ ಅನ್ವಯಿಸುತ್ತದೆ. ಈ ಲೇಖನದಲ್ಲಿ ಬರುವ ಡನಾಯಿಡ್ ಎಗ್‌ಫ್ಲೈ ಮತ್ತು ಕ್ರಿಮ್ಸನ್ ರೋಸ್ ಎರಡೂ ಕಾಯ್ದೆಯ ಹಳೆಯ ಪಟ್ಟಿಯಲ್ಲಿ ಹುಲಿ, ಆನೆಗಳಿದ್ದ ಮೊದಲನೇ ಅನುಸೂಚಿಯಲ್ಲೇ ಇದ್ದವು. ಜೋಗಿಮಟ್ಟಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಂಥ ಕಾಡುಗಳ ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಕೇಳಿ. ಕಲಿಯಲು ಅಲ್ಲಿಗೇ ಹೋಗಬೇಕೆಂದಿಲ್ಲ. ಚಂದ್ರವಳ್ಳಿಯ ಕೆರೆಯಂಚು, ಕೊಂಡಜ್ಜಿ ಗುಡ್ಡದ ಬುಡ, ಹರಿಹರದ ಹೊಳೆದಂಡೆ, ನಿಮ್ಮ ಹೊಲದ ಬದು, ಮನೆಯ ಕರಿಬೇವಿನ ಗಿಡ ಯಾವುದಾದರೂ ಸಾಕು.

ಕೆಲವು ಪದಗಳನ್ನು ಮೊದಲೇ ತಿಳಿದುಕೊಳ್ಳಿ. ಚಿಟ್ಟೆಗೆ ನಾಲ್ಕು ರೆಕ್ಕೆ: ಎರಡು ಮುಂದಿನವು, ಎರಡು ಹಿಂದಿನವು. ರೆಕ್ಕೆ ಬಿಚ್ಚಿ ಕೂತಾಗ ಕಾಣುವುದು ಮೇಲ್ಮೈ, ಮಡಚಿ ಕೂತಾಗ ಕಾಣುವುದು ಕೆಳಮೈ. ರೆಕ್ಕೆಯ ಬುಡದಿಂದ ಸುಮಾರು ನಡುವಿನ ತನಕ ನರಗಳು ಸುತ್ತುವರಿದ ಉದ್ದನೆಯ ಜಾಗವೊಂದಿದೆ, ಅದೇ ಕೋಶ. ಈ ಒಂದು ಪದ ಗೊತ್ತಿದ್ದರೆ ಮುಂದಿನ ಅರ್ಧ ಕೆಲಸ ಸಲೀಸು. ಕಣ್ಣಿನಾಕಾರದ ಬೊಟ್ಟು ಕಣ್ಬೊಟ್ಟು. ಕೆಲವು ಗಂಡುಗಳ ರೆಕ್ಕೆಯ ಮೇಲೆ ವಾಸನೆ ಸೂಸುವ ಹುರುಪೆಗಳ ಮಂದವಾದ ಪಟ್ಟಿ ಇರುತ್ತದೆ, ಅದನ್ನು ಗಂಧಪಟ್ಟಿ ಎನ್ನೋಣ.

1. ಮೊದಲು ಫೋಟೊ, ಆಮೇಲೆ ಹೆಸರು

ಒಂದೇ ಫೋಟೊ ಸಾಲದು. ದೂರದಿಂದಲೇ ಒಂದು ತೆಗೆದಿಟ್ಟುಕೊಳ್ಳಿ, ಹಾರಿಹೋದರೂ ಏನಾದರೂ ಕೈಯಲ್ಲಿರುತ್ತದೆ. ಬಳಿಕ ನಿಮ್ಮ ನೆರಳು ಅದರ ಮೇಲೆ ಬೀಳದಂತೆ, ಬಗ್ಗಿ, ನಿಧಾನವಾಗಿ ಹತ್ತಿರ ಹೋಗಿ. ಮಡಚಿದ ರೆಕ್ಕೆಯ ಕೆಳಮೈಯನ್ನು ನೇರ ಪಕ್ಕದಿಂದ, ಮೊಬೈಲ್ ರೆಕ್ಕೆಗೆ ಸಮಾನಾಂತರವಾಗಿರುವಂತೆ ಹಿಡಿದು ತೆಗೆಯಿರಿ. ಓರೆಯಾಗಿ ತೆಗೆದರೆ ಒಂದು ತುದಿ ಮಸುಕಾಗುತ್ತದೆ, ಬೇಕಾದ ಚುಕ್ಕೆ ಬಹಳ ಸಲ ಆ ತುದಿಯಲ್ಲೇ ಇರುತ್ತದೆ. ಸಾಧ್ಯವಾದರೆ ಮೇಲ್ಮೈ, ಕೊನೆಗೆ ತಲೆ, ಮೀಸೆ, ಹೊಟ್ಟೆ.

ಹೊತ್ತನ್ನು ನೋಡಿಕೊಂಡು ಹೊರಡಿ. ಬೆಳಗಿನ ಎಳೆ ಬಿಸಿಲಿಗೆ ಮೈ ಕಾಯಿಸಲು ಹಲವು ಚಿಟ್ಟೆಗಳು ರೆಕ್ಕೆ ಬಿಚ್ಚಿ ಕೂರುತ್ತವೆ, ಮೇಲ್ಮೈ ಸಿಗುವುದು ಆಗಲೇ. ಬಿಸಿಲೇರಿದಂತೆ ರೆಕ್ಕೆ ಮಡಚುತ್ತವೆ. ಗ್ರಾಸ್ ಯೆಲ್ಲೊ ಗುಂಪಿನ ಹಳದಿ ಚಿಟ್ಟೆಗಳಂತೂ ಕೂತಾಗ ರೆಕ್ಕೆ ಬಿಚ್ಚುವುದೇ ಇಲ್ಲ. ಅವುಗಳಿಗೆ ಒಂದು ಉಪಾಯ: ಸೂರ್ಯ ಚಿಟ್ಟೆಯ ಹಿಂದಿರುವಂತೆ ನಿಂತು ತೆಗೆದರೆ, ಬೆಳಕು ರೆಕ್ಕೆಯನ್ನು ಹಾಯ್ದು ಬಂದು ಮೇಲ್ಮೈಯ ಕಪ್ಪು ಅಂಚಿನ ಆಕಾರ ಕೆಳಮೈಯಿಂದಲೇ ಕಾಣುತ್ತದೆ.

ಗಾತ್ರವನ್ನು ಕಣ್ಣಂದಾಜಿನಿಂದ ಬರೆಯಬೇಡಿ. ಹಾರುವ ಚಿಟ್ಟೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದು ಎದ್ದುಹೋದ ಮೇಲೆ ಅದೇ ಎಲೆಯ ಪಕ್ಕ ನಾಣ್ಯ ಇಟ್ಟು ಇನ್ನೊಂದು ಫೋಟೊ ತೆಗೆಯಿರಿ. ಎರಡನ್ನೂ ಹೋಲಿಸಿದರೆ ಅಳತೆ ಸಿಗುತ್ತದೆ.

2. ಕುಟುಂಬವನ್ನು ಗುರುತಿಸಿ

ನೇರವಾಗಿ ಪ್ರಭೇದಕ್ಕೆ ಹಾರಬೇಡಿ. ಕೂತ ಚಿಟ್ಟೆಯ ಕಾಲು ಎಣಿಸಿ. ನಿಂಫಾಲಿಡೇ ಎಂಬ ದೊಡ್ಡ ಕುಟುಂಬದವು (ಟೈಗರ್, ಕ್ರೋ, ಪ್ಯಾನ್ಸಿ, ಎಗ್‌ಫ್ಲೈ, ಬುಷ್‌ಬ್ರೌನ್ ಎಲ್ಲ ಇದರಲ್ಲೇ) ಮುಂದಿನ ಎರಡು ಕಾಲುಗಳನ್ನು ಎದೆಗೆ ಮಡಚಿಕೊಂಡು ನಾಲ್ಕೇ ಕಾಲಿನ ಮೇಲೆ ನಿಲ್ಲುತ್ತವೆ. ಬಿಳಿ, ಹಳದಿ ಚಿಟ್ಟೆಗಳ ಪಿಯರಿಡೇ, ದೊಡ್ಡ ಬಾಲದ ಚಿಟ್ಟೆಗಳ ಪ್ಯಾಪಿಲಿಯೊನಿಡೇ ಆರು ಕಾಲಿನವು. ಕಪ್ಪು ಬಿಳಿ ಪಟ್ಟೆಯ ಮೀಸೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡ ರೆಕ್ಕೆ ಇದ್ದರೆ ನೀಲಿ ಚಿಟ್ಟೆಗಳ ಲೈಸಿನಿಡೇ. ದಪ್ಪ ಮೈ, ಅಗಲ ತಲೆ, ಕೊಕ್ಕೆಯಂತೆ ಬಾಗಿದ ಮೀಸೆ, ಬಾಣದಂಥ ಹಾರಾಟ ಇದ್ದರೆ ಸ್ಕಿಪ್ಪರ್, ಅಂದರೆ ಹೆಸ್ಪಿರಿಡೇ.

3. ಗಂಡೋ ಹೆಣ್ಣೋ, ಮಳೆಗಾಲದ್ದೋ ಬೇಸಿಗೆಯದ್ದೋ

ಹೆಚ್ಚಿನ ತಪ್ಪು ಗುರುತುಗಳು ಹುಟ್ಟುವುದು ಇಲ್ಲಿಯೇ. ಒಂದೇ ಪ್ರಭೇದ ಎರಡು ಮೂರು ವೇಷದಲ್ಲಿ ಬರುತ್ತದೆ, ನೋಡುವವರು ಅದನ್ನು ಎರಡು ಮೂರು ಪ್ರಭೇದ ಎಂದುಕೊಳ್ಳುತ್ತಾರೆ.

ಪೀಕಾಕ್ ಪ್ಯಾನ್ಸಿಯನ್ನು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಅದರ ಕೆಳಮೈ ಮೇಲೆ ಕಣ್ಬೊಟ್ಟುಗಳು ಎದ್ದು ಕಾಣುತ್ತವೆ. ಬೇಸಿಗೆ ರೂಪದಲ್ಲಿ ಅವು ಮಾಯವಾಗಿ, ರೆಕ್ಕೆಯ ತುದಿ ಚೂಪಾಗಿ, ಮಡಚಿ ಕೂತರೆ ಒಣಗಿದ ಎಲೆಯೇ. ಮೇಲ್ಮೈ ಮಾತ್ರ ಎರಡರಲ್ಲೂ ಅದೇ ಕಿತ್ತಳೆ, ಅದೇ ದೊಡ್ಡ ಕಣ್ಬೊಟ್ಟು. ಸಂಜೆ ಹೊತ್ತು ಭತ್ತದ ಗದ್ದೆಗಳ ಬಳಿ ಹಾರುವ ಕಾಮನ್ ಈವ್ನಿಂಗ್ ಬ್ರೌನ್ ಕೂಡ ಹೀಗೆಯೇ, ಬೇಸಿಗೆಯಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಇವು ಋತುರೂಪಗಳು, ಬೇರೆ ಪ್ರಭೇದಗಳಲ್ಲ, ಉಪಪ್ರಭೇದಗಳೂ ಅಲ್ಲ. ಮರಿಹುಳುವಾಗಿದ್ದಾಗಿನ ಬಿಸಿಲು, ತೇವ, ಮೇವು ಹೇಗಿತ್ತು ಎಂಬುದರ ಮೇಲೆ ರೂಪ ನಿರ್ಧಾರವಾಗುತ್ತದೆ. ಹಾಗಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಒಂದೇ ಬೇಲಿಯ ಮೇಲೆ ಎರಡೂ ರೂಪ ಸಿಕ್ಕರೆ ಗಾಬರಿ ಬೇಡ.

ಹಳೆಯ, ಹರಿದ ರೆಕ್ಕೆಯೂ ಮೋಸ ಮಾಡುತ್ತದೆ. ಬಣ್ಣ ಮಾಸಿ ಕಪ್ಪು ಕಂದಾಗಿರುತ್ತದೆ, ಹಕ್ಕಿಯ ಕುಕ್ಕಿಗೆ ಬಾಲ ಹೋಗಿರುತ್ತದೆ. ಬಾಲವಿಲ್ಲ ಎಂಬ ಒಂದೇ ಕಾರಣಕ್ಕೆ ಬೇರೆ ಹೆಸರು ಕೊಡುವ ಮುನ್ನ ಎರಡೂ ಕಡೆಯ ರೆಕ್ಕೆಯಂಚು ನೋಡಿ.

4. ನಿರ್ಣಾಯಕ ಗುರುತು ಹುಡುಕಿ

ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿಗಳನ್ನು ಒಂದೊಂದಾಗಿ ನೋಡೋಣ.

*ಪ್ಲೇನ್ ಟೈಗರ್ ಮತ್ತು ಹೆಣ್ಣು ಡನಾಯಿಡ್ ಎಗ್‌ಫ್ಲೈ.* ಪ್ಲೇನ್ ಟೈಗರ್‌ನ ಮೈಯಲ್ಲಿ ಎಕ್ಕದ ಜಾತಿಯ ಗಿಡಗಳಿಂದ ಬಂದ ವಿಷವಿರುತ್ತದೆ, ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ವಿಷವಿಲ್ಲದ ಡನಾಯಿಡ್ ಎಗ್‌ಫ್ಲೈನ ಹೆಣ್ಣು ಅದೇ ವೇಷ ತೊಟ್ಟು ಬದುಕುತ್ತದೆ. ಕೇಸರಿ ರೆಕ್ಕೆ, ಕಪ್ಪು ತುದಿ, ಬಿಳಿ ಪಟ್ಟಿ ಎಲ್ಲವೂ ಒಂದೇ. ನೀವು ನೋಡಬೇಕಾದದ್ದು ಹಿಂದಿನ ರೆಕ್ಕೆಯ ನಡುಭಾಗ. ಪ್ಲೇನ್ ಟೈಗರ್‌ಗೆ ಅಲ್ಲಿ ಕೋಶದ ಸುತ್ತ ಕಪ್ಪು ಚುಕ್ಕೆಗಳ ಗುಂಪಿದೆ: ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು (ನಾಲ್ಕನೆಯದು ಗಂಧದ ಚೀಲ). ಎಗ್‌ಫ್ಲೈಗೆ ನಡುವೆ ಏನೂ ಇಲ್ಲ, ಮೇಲಂಚಿನ ಹತ್ತಿರ ಒಂದೇ ಒಂದು ಕಪ್ಪು ಬೊಟ್ಟು. ರೆಕ್ಕೆಯ ಹೊರ ಅಂಚು ಎಗ್‌ಫ್ಲೈನಲ್ಲಿ ತುಸು ಗರಗಸದಂತೆ ಏರಿಳಿದಿರುತ್ತದೆ, ಪ್ಲೇನ್ ಟೈಗರ್‌ನಲ್ಲಿ ನುಣುಪು. ಎರಡರಲ್ಲೂ ಹಿಂದಿನ ರೆಕ್ಕೆ ಬಿಳಿಯಾಗಿರುವ ರೂಪಗಳಿವೆ, ಬಿಳುಪು ನೋಡಿ ತೀರ್ಮಾನಿಸಬೇಡಿ. ನರಗಳ ಮೇಲೆಲ್ಲ ದಪ್ಪ ಕಪ್ಪು ಗೆರೆ ಇದ್ದರೆ ಅದು ಮೂರನೆಯದು, ಸ್ಟ್ರೈಪ್ಡ್ ಟೈಗರ್.

ಕಾಲು ಎಣಿಸುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಎಲ್ಲವೂ ಒಂದೇ ಕುಟುಂಬದವು. ಆದರೆ ಹೆಣ್ಣು ಮೊಟ್ಟೆ ಇಡುತ್ತಿದ್ದರೆ ಗಿಡ ನೋಡಿ. ಎಕ್ಕದ ಎಲೆಯ ಮೇಲಾದರೆ ಪ್ಲೇನ್ ಟೈಗರ್, ಹೊಲದಲ್ಲಿ ನೆಲಕ್ಕೆ ಹರಡಿದ ಗೋಣಿಸೊಪ್ಪಿನ ಸುತ್ತಮುತ್ತ ಇಳಿದಿಳಿದು ಕೂರುತ್ತಿದ್ದರೆ ಎಗ್‌ಫ್ಲೈ.

*ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್.* ಹಿಂದಿನ ರೆಕ್ಕೆಯ ಬುಡದಲ್ಲಿ ನೀಲಿ ಪಟ್ಟಿಗಳ ಅಗಲವನ್ನೂ ಅವುಗಳ ನಡುವಿನ ಕಪ್ಪಿನ ಅಗಲವನ್ನೂ ಹೋಲಿಸಿ. ನೀಲಿ ಅಗಲವಾಗಿದ್ದರೆ ಬ್ಲೂ ಟೈಗರ್, ನೀಲಿ ಸಪೂರವಾಗಿ ಕಪ್ಪೇ ಮೇಲುಗೈಯಾಗಿದ್ದರೆ ಡಾರ್ಕ್ ಬ್ಲೂ ಟೈಗರ್. ಮುಂಗಾರಿನ ಮುಂಚೆ ಮತ್ತು ಹಿಂಗಾರಿನ ಹೊತ್ತಿಗೆ ಇವು ಕ್ರೋ ಚಿಟ್ಟೆಗಳ ಜೊತೆ ಸೇರಿ ಹಿಂಡು ಹಿಂಡಾಗಿ ವಲಸೆ ಹೋಗುತ್ತವೆ, ಗಿಜಿಗಿಜಿ ಗಿಡದ ಮೇಲೆ, ಚೇಳುಕೊಂಡಿ ಗಿಡದ ಮೇಲೆ ಮುತ್ತಿರುತ್ತವೆ. ಅಂಥ ಹಿಂಡಿನಲ್ಲಿ ಒಂದನ್ನು ಗುರುತಿಸಿ ಉಳಿದದ್ದನ್ನೆಲ್ಲ ಅದೇ ಲೆಕ್ಕಕ್ಕೆ ಹಾಕುವುದು ದೊಡ್ಡ ತಪ್ಪು. ಮೂರು ನಾಲ್ಕು ಪ್ರಭೇದಗಳು ಬೆರೆತಿರುವುದೇ ಹೆಚ್ಚು.

*ಕಾಮನ್ ಕ್ರೋ ಮತ್ತು ಡಬಲ್ ಬ್ರಾಂಡೆಡ್ ಕ್ರೋ.* ಗಂಡಿನ ಮುಂದಿನ ರೆಕ್ಕೆಯ ಮೇಲ್ಮೈಯಲ್ಲಿ ಗಂಧಪಟ್ಟಿ ಒಂದಿದ್ದರೆ ಕಾಮನ್ ಕ್ರೋ, ಸಮಾನಾಂತರವಾಗಿ ಎರಡಿದ್ದರೆ ಡಬಲ್ ಬ್ರಾಂಡೆಡ್. ಮಡಚಿ ಕೂತದ್ದರಲ್ಲಿ ಇದು ಕಾಣುವುದಿಲ್ಲ. ಕಾಯಿರಿ, ಇಲ್ಲವೇ ‘ಕ್ರೋ’ ಎಂದಷ್ಟೇ ಬರೆಯಿರಿ.

*ಗ್ರಾಸ್ ಯೆಲ್ಲೊಗಳು.* ತಗಚೆ ಬೆಳೆದ ರಸ್ತೆಯಂಚಿನಲ್ಲಿ ಹಾರುವ ಹಳದಿ ಪುಟಾಣಿಗಳೆಲ್ಲ ಒಂದೇ ಅಲ್ಲ. ಮುಂದಿನ ರೆಕ್ಕೆಯ ಕೆಳಮೈಯಲ್ಲಿ, ಕೋಶದ ಒಳಗೆ, ಎಷ್ಟು ಸಣ್ಣ ಕಂದು ಗುರುತುಗಳಿವೆ ಎಣಿಸಿ. ಎರಡಿದ್ದರೆ ಕಾಮನ್ ಗ್ರಾಸ್ ಯೆಲ್ಲೊ, ಮೂರಿದ್ದರೆ ತ್ರೀ ಸ್ಪಾಟ್, ಒಂದೇ ಇದ್ದರೆ ಒನ್ ಸ್ಪಾಟ್. ಏನೂ ಇಲ್ಲದಿದ್ದರೆ ಸ್ಮಾಲ್ ಅಥವಾ ಸ್ಪಾಟ್‌ಲೆಸ್. ಎಣಿಕೆ ತಪ್ಪುವುದು ಎಲ್ಲಿ ಗೊತ್ತೆ? ಕೋಶದ ಕೊನೆಯಲ್ಲಿ, ಅದನ್ನು ಮುಚ್ಚುವ ನರದ ಮೇಲೆ, ಹುರುಳಿಕಾಳಿನಾಕಾರದ ದೊಡ್ಡ ಗುರುತೊಂದು ಇರುತ್ತದೆ. ಅದು ಲೆಕ್ಕಕ್ಕಿಲ್ಲ. ಅದನ್ನೂ ಸೇರಿಸಿ ಎಣಿಸಿದವರು ಕಾಮನ್ ಗ್ರಾಸ್ ಯೆಲ್ಲೊವನ್ನು ತ್ರೀ ಸ್ಪಾಟ್ ಮಾಡಿಬಿಡುತ್ತಾರೆ.

ಚುಕ್ಕೆಯಿಲ್ಲದ ಎರಡನ್ನು ಬೇರ್ಪಡಿಸಲು ರೆಕ್ಕೆಯ ಆಕಾರ ನೋಡಿ. ಸ್ಪಾಟ್‌ಲೆಸ್‌ನ ಮುಂದಿನ ರೆಕ್ಕೆಯ ತುದಿ ಕತ್ತರಿಸಿದಂತೆ ಕೋನವಾಗಿದೆ, ಬೇಸಿಗೆ ರೂಪದಲ್ಲಿ ಹಿಂದಿನ ರೆಕ್ಕೆಯ ಕೆಳಮೈ ಮೇಲೆ ಎರಡು ಕೆಂಗಂದು ಗೆರೆ ಸಮಾನಾಂತರವಾಗಿ ಹಾಯುತ್ತವೆ. ಸ್ಮಾಲ್‌ನ ರೆಕ್ಕೆತುದಿ ಗುಂಡಗಿದೆ. ಹಿಂಬೆಳಕಿನ ಫೋಟೊ ಇದ್ದರೆ ಕಪ್ಪು ಅಂಚನ್ನೂ ನೋಡಿ: ಕಾಮನ್‌ನಲ್ಲಿ ಅಂಚಿನ ಒಳಬದಿ ಕಚ್ಚಿ ತೆಗೆದಂತೆ ಒಳಸರಿದಿರುತ್ತದೆ, ಸ್ಮಾಲ್‌ನಲ್ಲಿ ಹಾಗಿಲ್ಲ, ನಯವಾದ ಬಾಗು. ಕಾಮನ್‌ನ ಬೇಸಿಗೆ ರೂಪದಲ್ಲಿ ಕೆಳಮೈ ತುದಿಗೆ ಕಂದು ತೇಪೆ ಇರುತ್ತದೆ, ಅದನ್ನು ಬೇರೆ ಪ್ರಭೇದ ಎನ್ನಬೇಡಿ.

ಮರಿಹುಳು ಸಿಕ್ಕರೆ ಇನ್ನೂ ಸುಲಭ. ಕಾಮನ್ ಒಂದೊಂದೇ ಮೊಟ್ಟೆ ಇಡುತ್ತದೆ, ಹುಳುವಿನ ತಲೆ ಹಸಿರು. ತ್ರೀ ಸ್ಪಾಟ್ ಗುಂಪಾಗಿ ಇಡುತ್ತದೆ, ಹುಳುಗಳು ಒಟ್ಟಿಗೇ ಮೇಯುತ್ತವೆ, ತಲೆ ಕಪ್ಪು.

*ಎಮಿಗ್ರಂಟ್‌ಗಳು.* ಕೆಳಮೈ ತುಂಬ ಸಣ್ಣ ಸಣ್ಣ ಗೀರುಗಳ ಚಿತ್ತಾರ ಇದ್ದರೆ ಮಾಟಲ್ಡ್ ಎಮಿಗ್ರಂಟ್, ಇಲ್ಲದಿದ್ದರೆ ಕಾಮನ್ ಎಮಿಗ್ರಂಟ್. ಕಾಮನ್‌ನಲ್ಲೇ ಎರಡು ರೂಪ: ಕೆಂಪು ಮೀಸೆ, ಕೆಳಮೈಯಲ್ಲಿ ಬೆಳ್ಳಿ ನಡುವಿನ ಬೊಟ್ಟು ಇರುವುದು ಪೊಮೋನ ರೂಪ, ಕಪ್ಪು ಮೀಸೆಯ ಬೊಟ್ಟಿಲ್ಲದ್ದು ಕ್ರೊಕಾಲೆ ರೂಪ. ಹಿಂದೆ ಇವೆರಡನ್ನು ಬೇರೆ ಪ್ರಭೇದಗಳೆಂದೇ ಎಣಿಸಿದ್ದರು. ಕಕ್ಕೆ ಮರದ ಎಳೆ ಚಿಗುರಿನ ಮೇಲೆ ಕಾಮನ್‌ನ ಹುಳುಗಳು ಸಿಗುತ್ತವೆ.

*ಕಾಮನ್ ಮಾರ್ಮನ್ ಮತ್ತು ಎರಡು ರೋಸ್‌ಗಳು.* ಕಾಮನ್ ಮಾರ್ಮನ್ ಹೆಣ್ಣಿಗೆ ನಮ್ಮಲ್ಲಿ ಮೂರು ರೂಪ. ಸೈರಸ್ ರೂಪ ಗಂಡಿನಂತೆಯೇ. ಸ್ಟಿಕಿಯಸ್ ರೂಪ ಕಾಮನ್ ರೋಸ್‌ನಂತೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ತೇಪೆ. ರೋಮುಲಸ್ ರೂಪ ಕ್ರಿಮ್ಸನ್ ರೋಸ್‌ನಂತೆ, ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟಿ, ಹಿಂದಿನದರಲ್ಲಿ ಕೆಂಪು ಅರೆಚಂದ್ರಗಳು. ರೆಕ್ಕೆಯನ್ನು ಬಿಟ್ಟು ಮೈ ನೋಡಿ. ರೋಸ್‌ಗಳ ತಲೆ, ಎದೆಯ ಪಕ್ಕ, ಹೊಟ್ಟೆಯಲ್ಲಿ ಢಾಳಾದ ಕೆಂಪು ಇದ್ದೇ ಇರುತ್ತದೆ, ಮಾರ್ಮನ್‌ನ ಮೈ ಕಪ್ಪು. ಇದಕ್ಕಿಂತ ಖಚಿತವಾದ ಗುರುತು ಇನ್ನೊಂದಿಲ್ಲ. ಮೊಟ್ಟೆಯ ಗಿಡವೂ ಬೇರೆ: ರೋಸ್‌ಗಳಿಗೆ ಈಶ್ವರಿ ಬಳ್ಳಿ, ಮಾರ್ಮನ್‌ಗೆ ನಿಂಬೆ, ಕರಿಬೇವು. ಹೆಣ್ಣಿನ ಈ ವೇಷಗಳನ್ನು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿಯಂತ್ರಿಸುತ್ತದೆ ಎಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

*ಪಯೋನಿಯರ್ ಮತ್ತು ಕಾಮನ್ ಗಲ್.* ಚಳ್ಳಕೆರೆ, ಹಿರಿಯೂರು ಕಡೆಯ ಒಣ ಕುರುಚಲಿನಲ್ಲಿ ಎರಡೂ ಸಿಗುತ್ತವೆ. ಎರಡೂ ಬಿಳಿ, ಎರಡಕ್ಕೂ ಕಪ್ಪು ನರ. ಪಯೋನಿಯರ್‌ನ ಮುಂದಿನ ರೆಕ್ಕೆಯ ಕೋಶದ ತುದಿಯಲ್ಲಿ ಮೇಲಂಚಿನಿಂದ ಕೊಕ್ಕೆಯಂತೆ ಇಳಿದು ಬಾಗುವ ದಪ್ಪ ಕಪ್ಪು ಪಟ್ಟಿ ಇದೆ. ಗಲ್‌ಗೆ ಆ ಕೊಕ್ಕೆ ಇಲ್ಲ.

*ಆರೆಂಜ್ ಟಿಪ್‌ಗಳು.* ಇವೂ ಬಯಲುಸೀಮೆಯವು. ರೆಕ್ಕೆತುದಿಯ ಕಿತ್ತಳೆಯ ಒಳಬದಿಗೂ ಕಪ್ಪು ಸುತ್ತುವರಿದಿದ್ದರೆ ಸ್ಮಾಲ್ ಆರೆಂಜ್ ಟಿಪ್, ಒಳಬದಿಯಲ್ಲಿ ಕಪ್ಪಿಲ್ಲದೆ ಹಳದಿಗೆ ತಿರುಗಿದ್ದರೆ ಪ್ಲೇನ್ ಆರೆಂಜ್ ಟಿಪ್, ಕಿತ್ತಳೆಯ ಬದಲು ಕಡುಗೆಂಪಿದ್ದರೆ ಕ್ರಿಮ್ಸನ್ ಟಿಪ್. ಬೇಸಿಗೆಯಲ್ಲಿ ಕಪ್ಪು ತೆಳುವಾಗುತ್ತದೆ, ಎಚ್ಚರ.

*ಕ್ಯಾಸ್ಟರ್‌ಗಳು.* ಹೊಲದ ಬದುವಿನ ಔಡಲ ಗಿಡದ ಸುತ್ತ ತೇಲುವ ಇಟ್ಟಿಗೆ ಬಣ್ಣದವು. ರೆಕ್ಕೆಯ ಮೇಲಿನ ಅಲೆ ಗೆರೆಗಳು ಜೋಡಿ ಜೋಡಿಯಾಗಿದ್ದರೆ ಕಾಮನ್ ಕ್ಯಾಸ್ಟರ್, ಒಂಟಿಯಾಗಿದ್ದು ರೆಕ್ಕೆಯಂಚು ಹೆಚ್ಚು ಕೋನವಾಗಿದ್ದರೆ ಆಂಗಲ್ಡ್ ಕ್ಯಾಸ್ಟರ್.

*ಹುಲ್ಲಿನ ನೀಲಿಗಳು.* ಹೊಸಬರು ಕೈಬಿಡುವುದು ಇಲ್ಲಿ. ಕೈಬಿಡಬೇಡಿ, ಒಳ್ಳೆಯ ಕೆಳಮೈ ಫೋಟೊ ಒಂದಿದ್ದರೆ ನಾಲ್ಕನ್ನೂ ಬೇರ್ಪಡಿಸಬಹುದು. ಕ್ರಮ ಹೀಗಿರಲಿ:

ಮೊದಲು ಮುಂದಿನ ರೆಕ್ಕೆಯ ಮೇಲಂಚಿನ ನಡುವೆ, ಚುಕ್ಕೆಸಾಲಿನಿಂದ ಬೇರೆಯಾಗಿ, ಪುಟ್ಟ ಚುಕ್ಕೆ ಇದೆಯೇ ನೋಡಿ. ಇದ್ದರೆ ಟೈನಿ ಗ್ರಾಸ್ ಬ್ಲೂ, ನಾಲ್ಕರಲ್ಲಿ ಅತಿ ಚಿಕ್ಕದು. ಇಲ್ಲದಿದ್ದರೆ ಮುಂದಿನ ರೆಕ್ಕೆಯ ಕೋಶದೊಳಗೆ ನೋಡಿ. ಅಲ್ಲಿ ಚುಕ್ಕೆ ಇಲ್ಲ, ಹಿಂದಿನ ರೆಕ್ಕೆಯ ಚುಕ್ಕೆಸಾಲಿನಲ್ಲಿ ಮೇಲಿನಿಂದ ಎರಡನೆಯದು ಸಾಲು ಬಿಟ್ಟು ಒಳಕ್ಕೆ ಸರಿದಿದೆ ಎಂದಾದರೆ ಲೆಸ್ಸರ್ ಗ್ರಾಸ್ ಬ್ಲೂ. ಕೋಶದಲ್ಲಿ ಚುಕ್ಕೆ ಇದ್ದರೆ ಉಳಿದದ್ದು ಪೇಲ್ ಅಥವಾ ಡಾರ್ಕ್. ಮುಂದಿನ ರೆಕ್ಕೆಯ ಚುಕ್ಕೆಗಳು ಹಿಂದಿನದಕ್ಕಿಂತ ಎದ್ದು ಕಾಣುವಷ್ಟು ಕಪ್ಪಗಿದ್ದರೆ ಡಾರ್ಕ್ ಗ್ರಾಸ್ ಬ್ಲೂ. ಕಣ್ಣಿನ ಮೇಲೆ ನವಿರಾದ ಕೂದಲಿದ್ದರೆ ಪೇಲ್ ಗ್ರಾಸ್ ಬ್ಲೂ, ಡಾರ್ಕ್‌ನ ಕಣ್ಣು ನುಣುಪು. ಮೊಬೈಲಿನಲ್ಲಿ ಕೂದಲು ಹಿಡಿಯುವುದು ಕಷ್ಟ, ಆದ್ದರಿಂದ ಮೇಲ್ಮೈಯನ್ನೂ ತೆಗೆಯಿರಿ: ಗಂಡು ಪೇಲ್ ಬೆಳ್ಳಿ ಮಿಶ್ರಿತ ತಿಳಿನೀಲಿ, ಗಂಡು ಡಾರ್ಕ್ ಕಡುನೇರಳೆ ನೀಲಿ. ಹೆಣ್ಣುಗಳ ಮೇಲ್ಮೈ ಎರಡರಲ್ಲೂ ಕಂದು, ಅದರಿಂದ ಏನೂ ಹೇಳಲಾಗದು.

ಹುಳಿಸೊಪ್ಪಿನ ಮೇಲೆ ಮೊಟ್ಟೆ ಇಡುವುದು ಪೇಲ್. ಡಾರ್ಕ್‌ಗೆ ನೆಗ್ಗಿಲು, ಹರಿವೆಯ ಜಾತಿಯ ಕಳೆಗಳು. ಹಿಂದಿನ ರೆಕ್ಕೆಯಂಚಿನಲ್ಲಿ ಕಿತ್ತಳೆ ಸುತ್ತಿನೊಳಗೆ ಹೊಳೆಯುವ ಕಪ್ಪು ಬೊಟ್ಟುಗಳ ಸಾಲಿದ್ದರೆ ಅದು ಇವ್ಯಾವುವೂ ಅಲ್ಲ, ಗ್ರಾಸ್ ಜ್ಯುವೆಲ್.

*ರಿಂಗ್‌ಗಳು.* ಹಿಂದಿನ ರೆಕ್ಕೆಯ ಕೆಳಮೈಯ ಕಣ್ಬೊಟ್ಟು ಎಣಿಸಿ. ಮೇಲ್ತುದಿಯಲ್ಲಿ ಒಂದು, ಕೆಳಗೆ ಮೂರು ಇದ್ದರೆ ಕಾಮನ್ ಫೋರ್ ರಿಂಗ್. ಮೇಲೊಂದು ಕೆಳಗೆರಡು ಇದ್ದರೆ ಕಾಮನ್ ತ್ರೀ ರಿಂಗ್. ಬೇಸಿಗೆಯಲ್ಲಿ ಈ ಬೊಟ್ಟುಗಳು ಸೂಜಿಮೊನೆಯಷ್ಟಾಗುತ್ತವೆ. ಫೋಟೊವನ್ನು ಪೂರ್ತಿ ಹಿಗ್ಗಿಸಿ ನೋಡದೆ ‘ಇಲ್ಲ’ ಎನ್ನಬೇಡಿ.

5. ಜಾಗ ಮತ್ತು ಗಿಡವನ್ನು ತಾಳೆ ನೋಡಿ

ಗುರುತು ಹೇಳಿದ್ದನ್ನು ಜಾಗ ಒಪ್ಪುತ್ತದೆಯೇ ನೋಡಿ. ಚನ್ನಗಿರಿಯ ಅಡಿಕೆ ತೋಟದ ನೆರಳು ತೇವ ಬೇರೆ, ಮೊಳಕಾಲ್ಮೂರಿನ ಬಂಡೆ ಕುರುಚಲು ಬೇರೆ. ಆರೆಂಜ್ ಟಿಪ್‌ಗಳನ್ನು ಬಿಸಿಲ ಬಯಲಿನಲ್ಲಿ ಹುಡುಕಿ, ಬುಷ್‌ಬ್ರೌನ್‌ಗಳನ್ನು ನೆರಳಿನ ಹುಲ್ಲಿನಲ್ಲಿ ಹುಡುಕಿ. ಆದರೆ ಜಾಗವನ್ನು ಪೋಷಕ ಸಾಕ್ಷ್ಯವಾಗಿ ಮಾತ್ರ ಇಟ್ಟುಕೊಳ್ಳಿ. ‘ಈ ಕಡೆ ಇದು ಸಿಗುವುದಿಲ್ಲ’ ಎಂದು ಪುಸ್ತಕದಲ್ಲಿದ್ದ ಮಾತ್ರಕ್ಕೆ ಫೋಟೊದಲ್ಲಿ ಸ್ಪಷ್ಟವಾಗಿರುವ ಗುರುತನ್ನು ತಳ್ಳಿಹಾಕಬಾರದು. ನಮ್ಮ ಜಿಲ್ಲೆಗಳಲ್ಲಿ ಚಿಟ್ಟೆ ನೋಡಿದವರೇ ಮಲೆನಾಡಿಗಿಂತ ಕಡಿಮೆ. ಹಾಗೆಯೇ, ಹೂವಿನ ಮೇಲೆ ಕೂತದ್ದಕ್ಕೆ ಹೆಚ್ಚು ಬೆಲೆ ಕೊಡಬೇಡಿ, ಲಂಟಾನದ ಹೂವಿಗೆ ಎಲ್ಲವೂ ಬರುತ್ತವೆ. ಬೆಲೆ ಇರುವುದು ಮೊಟ್ಟೆ ಇಡುವ ಗಿಡಕ್ಕೆ, ಹುಳು ಮೇಯುವ ಎಲೆಗೆ.

6. ಉಪಪ್ರಭೇದ ಬರೆಯುವ ಮುನ್ನ

ಒಂದೇ ಪ್ರಭೇದ ಬೇರೆ ಬೇರೆ ಪ್ರದೇಶಗಳಲ್ಲಿ ನೆಲೆಸಿ, ಆಯಾ ಪ್ರದೇಶದ ಗುಂಪು ಸ್ಥಿರವಾಗಿ ತುಸು ಬೇರೆಯಾಗಿ ಕಂಡರೆ ಅದಕ್ಕೆ ಉಪಪ್ರಭೇದ ಎನ್ನುತ್ತಾರೆ, ಹೆಸರಿಗೆ ಮೂರನೆಯ ಪದ ಸೇರುತ್ತದೆ. ಕಾಮನ್ ಕ್ರೋ ನಮ್ಮಲ್ಲಿ ಯುಪ್ಲಿಯ ಕೋರ್ ಕೋರ್, ಶ್ರೀಲಂಕಾದಲ್ಲಿ ಯುಪ್ಲಿಯ ಕೋರ್ ಅಸೇಲ. ಅಂದರೆ ಉಪಪ್ರಭೇದದ ಮೊದಲ ಆಧಾರ ಪ್ರದೇಶ. ಒಂದೇ ಪ್ರಭೇದದ ಎರಡು ಉಪಪ್ರಭೇದಗಳು ಚಂದ್ರವಳ್ಳಿಯ ಒಂದೇ ಪೊದೆಯಲ್ಲಿ ಒಟ್ಟಿಗೆ ನೆಲೆಸಿರುವುದಿಲ್ಲ. ಅಕ್ಕಪಕ್ಕ ಕೂತ ಎರಡು ಚಿಟ್ಟೆಗಳಲ್ಲಿ ವ್ಯತ್ಯಾಸ ಕಂಡರೆ ಅದು ಗಂಡು ಹೆಣ್ಣಿನದು, ಋತುವಿನದು, ರೂಪದ್ದು, ಇಲ್ಲವೇ ಬೇರೆ ಪ್ರಭೇದದ್ದು.

ಕಾಮನ್ ಮಾರ್ಮನ್‌ನಲ್ಲಿ ಈ ಗೊಂದಲ ಇನ್ನೊಂದು ಸುತ್ತು ಹೆಚ್ಚು. ನಮ್ಮ ಉಪಪ್ರಭೇದದ ಹೆಸರೂ ರೋಮುಲಸ್, ಅದರ ಹೆಣ್ಣಿನ ಒಂದು ರೂಪದ ಹೆಸರೂ ರೋಮುಲಸ್. ಗಂಡು, ಸೈರಸ್ ಹೆಣ್ಣು, ಸ್ಟಿಕಿಯಸ್ ಹೆಣ್ಣು ಎಲ್ಲವೂ ಪ್ಯಾಪಿಲಿಯೊ ಪಾಲಿಟಿಸ್ ರೋಮುಲಸ್ ಉಪಪ್ರಭೇದವೇ. ಟಿಪ್ಪಣಿಯಲ್ಲಿ ‘ಸ್ಟಿಕಿಯಸ್ ರೂಪ’ ಎಂದು ‘ರೂಪ’ ಪದ ಸೇರಿಸಿಯೇ ಬರೆಯಿರಿ.

ಹೆಸರಿನ ಕೊನೆಯಲ್ಲಿ ಬರುವ ವ್ಯಕ್ತಿ, ವರ್ಷ ಮೊದಲು ವಿವರಿಸಿದವರದ್ದು. ಪ್ಯಾಪಿಲಿಯೊ ಪಾಲಿಟಿಸ್ ಲಿನೇಯಸ್, 1758 ಎಂಬಲ್ಲಿ ಕಂಸವಿಲ್ಲ, ಏಕೆಂದರೆ ಲಿನೇಯಸ್ ಇಟ್ಟ ಕುಲದಲ್ಲೇ ಅದು ಇಂದಿಗೂ ಇದೆ. ಡನಾಸ್ ಕ್ರಿಸಿಪ್ಪಸ್ (ಲಿನೇಯಸ್, 1758) ಎಂಬಲ್ಲಿ ಕಂಸವಿದೆ: ಆತ ಪ್ಯಾಪಿಲಿಯೊ ಎಂದಿದ್ದ ಪ್ಲೇನ್ ಟೈಗರ್ ಬಳಿಕ ಡನಾಸ್ ಕುಲಕ್ಕೆ ಹೋಯಿತು. ಕಂಸವನ್ನು ಅಲಂಕಾರಕ್ಕೆ ಹಾಕುವುದೂ ತೆಗೆಯುವುದೂ ತಪ್ಪು. ಹಳೆಯ ಪುಸ್ತಕದ ಹೆಸರು ಈಗ ಬದಲಾಗಿರಬಹುದು ಎಂಬುದೂ ನೆನಪಿರಲಿ.

7. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿ

ಎಲ್ಲ ಫೋಟೊಗೂ ಪ್ರಭೇದದ ಹೆಸರು ಸಿಗಲೇಬೇಕೆಂದಿಲ್ಲ. ಬೋರೆ ಗಿಡದ ಸುತ್ತ ಹಾರುವ ಟ್ಯಾರುಕಸ್ ಕುಲದ ಪಿಯರೋ ಚಿಟ್ಟೆಗಳಲ್ಲಿ ಹಲವನ್ನು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತಜ್ಞರು ಬೇರ್ಪಡಿಸುತ್ತಾರೆ. ಭತ್ತದ ಗದ್ದೆಯ ಕಂದು ಸ್ವಿಫ್ಟ್‌ಗಳಲ್ಲಿಯೂ ಅದೇ ಕಷ್ಟ. ಬುಷ್‌ಬ್ರೌನ್‌ಗಳಲ್ಲಿ ಕಾಮನ್ ಮತ್ತು ಡಾರ್ಕ್ ಬ್ರಾಂಡೆಡ್ ಅನ್ನು ಮಳೆಗಾಲದಲ್ಲಿ ಹಿಂದಿನ ರೆಕ್ಕೆಯ ಕೆಳಗಿನ ನಾಲ್ಕು ಕಣ್ಬೊಟ್ಟುಗಳಿಂದ ಹೇಳಬಹುದು: ನೇರ ಸಾಲಿನಲ್ಲಿದ್ದರೆ ಡಾರ್ಕ್ ಬ್ರಾಂಡೆಡ್, ಸಾಲು ತಪ್ಪಿದ್ದರೆ ಕಾಮನ್. ಬೇಸಿಗೆಯಲ್ಲಿ ಬೊಟ್ಟೇ ಅಳಿಸಿಹೋದಾಗ ‘ಮೈಕಾಲೆಸಿಸ್ ಕುಲ’ ಎಂದು ಬರೆದು ಬಿಡಿ. ಕುಲದ ಮಟ್ಟದ ಸರಿಯಾದ ದಾಖಲೆ ಪ್ರಭೇದದ ಮಟ್ಟದ ತಪ್ಪು ದಾಖಲೆಗಿಂತ ಎಷ್ಟೋ ಮೇಲು. ತಪ್ಪು ದಾಖಲೆಯನ್ನು ಮುಂದಿನವರು ನಂಬಿ ಪಟ್ಟಿಗೆ ಸೇರಿಸುತ್ತಾರೆ, ಆಮೇಲೆ ಅದನ್ನು ತೆಗೆಯುವುದು ಬಲು ಕಷ್ಟ.

ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ಫೋಟೊ ಹಾಕಿದ ಕೂಡಲೇ ಹೆಸರು ಸೂಚಿಸುತ್ತವೆ. ಅದು ಬರಿಯ ಸೂಚನೆ. ಮೊದಲ ಹೆಸರನ್ನು ಒತ್ತುವ ಬದಲು, ಸೂಚಿಸಿದ ಮೂರು ನಾಲ್ಕು ಹೆಸರುಗಳ ನಿರ್ಣಾಯಕ ಗುರುತುಗಳನ್ನು ನಿಮ್ಮ ಫೋಟೊದಲ್ಲಿ ಹುಡುಕಿ. ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಪ್ರತಿ ಪ್ರಭೇದದ ಮೇಲ್ಮೈ, ಕೆಳಮೈ, ಗಂಡು, ಹೆಣ್ಣು, ಮರಿಹುಳುಗಳ ಫೋಟೊ ಇವೆ, ತಾಳೆ ನೋಡಲು ಅನುಕೂಲ.

ಯಾರಿಗಾದರೂ ಕಳಿಸಿ ಕೇಳುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ, ಚುಕ್ಕೆಗಳು ಕರಗಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ. ಬಣ್ಣ ಹೆಚ್ಚಿಸುವ ಫಿಲ್ಟರ್ ಹಾಕಬೇಡಿ. ಜೊತೆಗೆ ಇಷ್ಟು ವಿವರ ಇರಲಿ: ದಿನಾಂಕ ಮತ್ತು ಹೊತ್ತು, ಊರು ಮತ್ತು ತಾಲ್ಲೂಕು, ಜಾಗದ ಬಗೆ (ತೋಟ, ಕುರುಚಲು, ಹೊಳೆದಂಡೆ), ಕೂತ ಗಿಡ, ಏನು ಮಾಡುತ್ತಿತ್ತು (ಹೂ ಹೀರುವುದು, ಮೊಟ್ಟೆ ಇಡುವುದು, ಒದ್ದೆ ಮಣ್ಣು ಹೀರುವುದು), ಅಂದಾಜು ಅಳತೆ, ನೀವು ಯಾವ ಹೆಸರು ಎಂದುಕೊಂಡಿದ್ದೀರಿ ಮತ್ತು ಯಾವ ಗುರುತಿನಿಂದ. ಈ ಕೊನೆಯದನ್ನು ಬಿಡಬೇಡಿ. ‘ಕೋಶದಲ್ಲಿ ಎರಡು ಚುಕ್ಕೆ, ಆದ್ದರಿಂದ ಕಾಮನ್ ಗ್ರಾಸ್ ಯೆಲ್ಲೊ’ ಎಂದು ಬರೆದರೆ, ನೋಡುವವರು ಅದೇ ಕೋಶವನ್ನು ನೋಡಿ ಸರಿ ಅಥವಾ ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳಬಲ್ಲರು.